ಸೊಪ್ಪಿಗಿಂತ ಮೊದಲು ರಕ್ತ ಪರೀಕ್ಷೆ ಆಗಲಿ

ನಮ್ಮ ರಾಯದುರ್ಗ ಸೀಮೆಯಲ್ಲಿ ಕಣ್ಣು ಹಳದಿಯಾದರೆ ಕನ್ನಡದವರು ಕಾಮಾಲೆ ಅಂತಾರೆ, ತೆಲುಗಿನವರು ಪಚ್ಚಕಾಮೆರ್ಲು ಅಂತಾರೆ. ಮದ್ದು ಮಾತ್ರ ಇಬ್ಬರಿಗೂ ಒಂದೇ. ಹೊಲದ ಬದುವಿನ ನೆಲನೆಲ್ಲಿ, ತೆಲುಗಿನ ನೇಲ ಉಸಿರಿ. ಬೇರುಸಮೇತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಉಪ್ಪು, ಎಣ್ಣೆ ಬಿಟ್ಟು ಪಥ್ಯ. ಕೆಲವರು ಮುಂಗೈಗೆ ಬರೆಯನ್ನೂ ಹಾಕುತ್ತಾರೆ. ಅದರ ಬಗ್ಗೆ ಚರ್ಚೆ ಬೇಡ, ಅದು ನಿಲ್ಲಬೇಕು.

ಸೊಪ್ಪಿನ ಮಾತು ಬೇರೆ. ಹಳ್ಳಿ ಮದ್ದು ಎಂದು ನಕ್ಕು ತಳ್ಳುವ ವಿದ್ಯಾವಂತರು ಒಂದು ಸಂಗತಿ ತಿಳಿಯಬೇಕು. ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಹೆಪಟೈಟಿಸ್ ಬಿ ವೈರಾಣು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಒಬ್ಬರು. ಅವರೂ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತಿತರರೂ ಸೇರಿ ಮಾಡಿದ ಸಂಶೋಧನೆ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ವೈರಾಣು ರಕ್ತದಲ್ಲಿದ್ದವರಿಗೆ 30 ದಿನ ಒಣಗಿದ ನೆಲನೆಲ್ಲಿಯ ಪುಡಿ ಕೊಟ್ಟರು. ಇನ್ನು ಕೆಲವರಿಗೆ ಮದ್ದೇ ಇಲ್ಲದ ಹುಸಿ ಗುಳಿಗೆ. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಾಣುವಿನ ಗುರುತು ಸಿಗಲಿಲ್ಲ. ಹುಸಿ ಗುಳಿಗೆಯ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಇಲ್ಲಿಗೇ ಕಥೆ ಮುಗಿದಿದ್ದರೆ ನಾನೂ ಡಂಗುರ ಹೊಡೆಯುತ್ತಿದ್ದೆ. ಆದರೆ 1990ರಲ್ಲಿ ಥಾಯ್ಲೆಂಡಿನವರು, 1994ರಲ್ಲಿ ನ್ಯೂಜಿಲೆಂಡಿನವರು ಮಾಡಿ ನೋಡಿದಾಗ ಆ ಫಲ ಬರಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಇಂಥ ಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗಿ, ನಂಬುವಂಥ ಪುರಾವೆ ಇಲ್ಲ ಎಂದಿತು. ಮೇಲಾಗಿ ಮದ್ರಾಸಿನಲ್ಲಿ ಪುಡಿ ತಿಂದವರು ಕಾಮಾಲೆ ಬಂದವರಲ್ಲ, ವೈರಾಣು ಹೊತ್ತು ಓಡಾಡುತ್ತಿದ್ದವರು. "ನೆಲನೆಲ್ಲಿ ಕಾಮಾಲೆಗೆ ಮದ್ದು ಅಂತ ವಿಜ್ಞಾನಿಗಳೇ ಒಪ್ಪವರೆ" ಅನ್ನೋ ಮಾತು ಹೀಗಾಗಿ ಅರ್ಧ ಸುದ್ದಿ.

ಎರಡು ಭಾಷೆಯಲ್ಲಿ ಪದ್ಯ ಬರೆಯುವವನಾದ್ದರಿಂದ ಹೆಸರಿನ ಗೋಜಲು ನನ್ನ ಕಣ್ಣಿಗೆ ಬಿತ್ತು. ಸಂಶೋಧಕರೇ ಮೊದಲು ಈ ಗಿಡವನ್ನು ಫಿಲ್ಲಾಂಥಸ್ ನಿರೂರಿ ಎಂದು ಬರೆದು, ಆಮೇಲೆ ಫಿಲ್ಲಾಂಥಸ್ ಅಮಾರಸ್ ಎಂದು ತಿದ್ದಿಕೊಂಡರು. ಒಂದು ಗಿಡಕ್ಕೆ ಎರಡು ಭಾಷೆಯ ಎರಡು ಹೆಸರಿದ್ದರೆ ಏನೂ ನಷ್ಟವಿಲ್ಲ. ನೋಡಲು ಒಂದೇ ಥರ ಇರುವ ಮೂರು ನಾಲ್ಕು ಗಿಡಕ್ಕೆ ಒಂದೇ ಹೆಸರಿದ್ದರೆ ಕಷ್ಟ. ಅರೆದ ಮೇಲೆ ಯಾವುದು ಯಾವುದೆಂದು ಯಾರು ಹೇಳಬೇಕು?

ಹಾಗಾದರೆ ಸೊಪ್ಪು ಕುಡಿದವರು ವಾಸಿಯಾಗುವುದು ಸುಳ್ಳೇ? ಸುಳ್ಳಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹಳ ಜನರಲ್ಲಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಹೆಸರು ಸೊಪ್ಪಿಗೆ ಬರುತ್ತದೆ. ಆದರೆ ಕಾಮಾಲೆ ಒಂದೇ ರೋಗವಲ್ಲ, ಹಲವು ರೋಗಗಳ ಗುರುತು. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಿದ್ದರೂ ಕಣ್ಣು ಹಳದಿ, ಇಲಿಜ್ವರ ಜೋರಾದರೂ ಹಳದಿ. ಬಸುರಿಗೆ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಅಂಥ ಹೆಣ್ಣುಮಗಳನ್ನು ಪಥ್ಯದಲ್ಲಿ ಕೂರಿಸಿ ದಿನ ಕಳೆದರೆ, ಬಳ್ಳಾರಿಗೋ ಅನಂತಪುರಕ್ಕೋ ಒಯ್ಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮದ್ದು ಕೊಡುವವರನ್ನು ಬೈದರೆ ಜನ ಕದ್ದು ಹೋಗ್ತಾರೆ, ಅಷ್ಟೇ. ಅವರಲ್ಲಿ ಬಹಳ ಮಂದಿ ಕಾಸು ಕೇಳದೆ ಕೊಡುವವರು, ಊರಿನ ಮರ್ಯಾದೆ ಇರುವವರು. ರಕ್ತ ಪರೀಕ್ಷೆಯ ಚೀಟಿ ತೋರಿಸದವರಿಗೆ ಸೊಪ್ಪು ಕೊಡುವುದಿಲ್ಲ ಎಂದು ಅವರೇ ಹೇಳಲಿ. ಬಿಲಿರುಬಿನ್ ಎಷ್ಟು, ಹೆಪಟೈಟಿಸ್ ಬಿ ಐತೋ ಇಲ್ಲವೋ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರು ಅಂದೇ ನೋಡಿ ಹೇಳುವಂತಾಗಲಿ. ಆ ಚೀಟಿಯ ಇಂಗ್ಲಿಷಿನ ಕೆಳಗೆ ತೆಲುಗಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು: ಮನೆಗೆ ಹೋಗಬಹುದು, ಅಥವಾ ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.