ಆಟಿಯ ಊಟ ಮತ್ತು ಇಂದಿನ ತಟ್ಟೆ

ಆಟಿ ತಿಂಗಳು ಬಂತೆಂದರೆ ಉಡುಪಿ, ಕಾಪು, ಕಾರ್ಕಳದ ಊರೂರುಗಳಲ್ಲಿ ‘ಆಟಿಡೊಂಜಿ ದಿನ’ದ ಆಮಂತ್ರಣಗಳು ಹರಿದಾಡತೊಡಗುತ್ತವೆ. ಪತ್ರೊಡೆ, ತಜಂಕಿನ ಅಂಬಡೆ, ಕಣಿಲೆ ಪಲ್ಯ, ತಿಮರೆ ಚಟ್ನಿ, ಉಪ್ಪಡ್ ಪಚ್ಚಿಲ್, ಹುರುಳಿ ಸಾರು, ಮೆಂತೆ ಗಂಜಿ ಎಂದು ಒಂದೇ ಎಲೆಯ ಮೇಲೆ ಇಪ್ಪತ್ತು ಮೂವತ್ತು ಬಗೆಗಳು. ಹಳೆಯ ತಿನಿಸುಗಳನ್ನು ಮಕ್ಕಳಿಗೆ ಪರಿಚಯಿಸುವ ಈ ಕೂಟಗಳು ಸ್ವಾಗತಾರ್ಹವೇ. ಆದರೆ ಆಟಿಯು ಔತಣದ ತಿಂಗಳಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಏಣಿಲು ನಾಟಿ ಮುಗಿದು, ಪತ್ತಾಯದ ಭತ್ತ ತಳ ಕಂಡು, ಕಡಲಿಗೆ ದೋಣಿ ಇಳಿಯದೆ, ಕೂಲಿಯೂ ದೊರೆಯದೆ ಮನೆಮಂದಿ ದಿನ ನೂಕುತ್ತಿದ್ದ ತಿಂಗಳದು. ಅಂದು ಈ ತಿನಿಸುಗಳಲ್ಲಿ ಯಾವುದೋ ಒಂದು ಗಂಜಿಯ ಜೊತೆಗೆ ಸಿಕ್ಕಿದರೆ ಅದೇ ಊಟವಾಗಿತ್ತು. ಕೊರತೆಯ ತಿಂಗಳಿನ ನೆನಪನ್ನು ಹೊಟ್ಟೆ ಬಿರಿಯುವಷ್ಟು ಉಂಡು ಆಚರಿಸುವುದು ನಮ್ಮ ಕಾಲದ ವಿಪರ್ಯಾಸ.

ಅಂದಿನ ಊಟಕ್ಕೆ ಮಿತಿ ಹಾಕಿದ್ದು ಬಡತನ. ಅದನ್ನು ವೈಭವೀಕರಿಸುವುದು ಸಲ್ಲದು. ಎಲ್ಲರಿಗೂ ಬಡಿಸಿ, ಉಳಿದ ಗಂಜಿತಿಳಿಯನ್ನು ಕುಡಿದು ಮಲಗಿದ ತಾಯಂದಿರ ನೆನಪು ಹಿರಿಯರಲ್ಲಿ ಇನ್ನೂ ಮಾಸಿಲ್ಲ. ಹಸಿವು ಹಿಂದೆ ಸರಿದದ್ದು ಸಣ್ಣ ಸಾಧನೆಯಲ್ಲ. ಬಡತನ ಹಾಕಿದ್ದ ಆ ಮಿತಿ ಅಳಿದ ಮೇಲೆ, ವಿವೇಕದಿಂದ ನಾವೇ ಹಾಕಿಕೊಳ್ಳಬೇಕಾದ ಮಿತಿ ಎಲ್ಲಿದೆ ಎಂಬುದೇ ಇಂದಿನ ಪ್ರಶ್ನೆ.

ಸ್ವಯಂ ನಿಯಂತ್ರಣ ಈ ನೆಲಕ್ಕೆ ಹೊಸದಲ್ಲ. ಉಡುಪಿಯ ಮಠಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯಗಳನ್ನು ವರ್ಜಿಸುವ ಪದ್ಧತಿ ಇದೆ. ಬಸದಿಗಳ ಊರಾದ ಕಾರ್ಕಳದ ಜೈನ ಪರಂಪರೆಯು ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದನ್ನು ಕಲಿಸಿತು. ಇವುಗಳ ಧಾರ್ಮಿಕ ಅರ್ಥ ಏನೇ ಇರಲಿ, ಲಭ್ಯವಿದ್ದರೂ ಬೇಡವೆನ್ನುವ ಅಭ್ಯಾಸವನ್ನು ಅವು ಉಳಿಸಿಕೊಂಡು ಬಂದಿವೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿರುವುದೂ ಇದೇ ತಿಳಿವಳಿಕೆ.

ನಮ್ಮ ದುಡಿಮೆ ಬದಲಾಗಿದೆ, ತಟ್ಟೆ ಮಾತ್ರ ಬದಲಾಗಿಲ್ಲ. ಮುಂಜಾನೆ ಗದ್ದೆಗಿಳಿದು ಉತ್ತು, ನೇಜಿ ನೆಟ್ಟು, ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತು ತಂದವರಿಗೆ ರಾಶಿ ಅನ್ನ ಬೇಕಿತ್ತು. ಇಂದು ಉಳುವುದು ಟ್ರ್ಯಾಕ್ಟರು, ನೆಡುವುದು ಯಂತ್ರ, ಪೇಟೆಗೆ ಒಯ್ಯುವುದು ಬೈಕು. ಆದರೂ ಬಟ್ಟಲಿನ ಅನ್ನದ ಗುಪ್ಪೆ ಕುಗ್ಗಲಿಲ್ಲ. ಅದರ ಮೇಲೆ ಸಂಜೆಯ ಗೋಳಿಬಜೆ, ಬೇಕರಿ ತಿಂಡಿ, ಸಕ್ಕರೆಯ ಪಾನೀಯ ಬಂದು ಸೇರಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ದೇಶದ ಒಟ್ಟು ರೋಗಭಾರದ ಶೇ. 56.4ರಷ್ಟಕ್ಕೆ ಅನಾರೋಗ್ಯಕರ ಆಹಾರವೇ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ.

ಅದೇ ಮಾರ್ಗಸೂಚಿ ದಿನಕ್ಕೆ 2000 ಕಿಲೋ ಕ್ಯಾಲೊರಿ ಸಾಕಾಗುವ ವ್ಯಕ್ತಿಗೆ ಒಂದು ಅಳತೆಯನ್ನು ಕೊಟ್ಟಿದೆ: ಅಕ್ಕಿ ಮೊದಲಾದ ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು ಅಥವಾ ಮೀನು, ಮೊಟ್ಟೆ 85 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆ ಕೊಬ್ಬು 27 ಗ್ರಾಂ. ಇವೆಲ್ಲ ಬೇಯಿಸುವ ಮೊದಲಿನ ತೂಕ. ತರಕಾರಿಯ ತೂಕ ಅಕ್ಕಿಯ ತೂಕಕ್ಕಿಂತ ಹೆಚ್ಚಿರುವುದನ್ನು ಗಮನಿಸಬೇಕು. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಪಲ್ಯವು ಉಪ್ಪಿನಕಾಯಿಯಂತೆ ಎಲೆಯ ಮೂಲೆ ಸೇರಿದೆ.

ಅನ್ನದ ಪ್ರಮಾಣದಷ್ಟೇ ಅಕ್ಕಿಯ ಬಗೆಯೂ ಮುಖ್ಯ. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿದಾಗ ಹೊರಪದರದ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಮಿಲ್ಲಿನಲ್ಲಿ ತೌಡು ಹೋದ ಮೇಲೂ ಕುಚ್ಚಲಕ್ಕಿಯಲ್ಲಿ ಅದರ ಬಹುಭಾಗ ಉಳಿಯುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ಉಳಿದ ಅಕ್ಕಿಯಿಂದ ಅವು ಚೇತರಿಸುವುದನ್ನೂ ಕಂಡರು. ಬೆರಿಬೆರಿ ರೋಗದ ಮೂಲವನ್ನು ತೋರಿದ ಈ ಕೆಲಸಕ್ಕೆ 1929ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನಮ್ಮ ಅಜ್ಜಿಯಂದಿರು ಒಲೆಯ ಮೇಲಿನ ಹಂಡೆಯಲ್ಲಿ ಭತ್ತ ಬೇಯಿಸುತ್ತ ಇದೇ ಲಾಭವನ್ನು ಪಡೆದಿದ್ದರು. ಹಾಗೆಂದು ಕಜೆ ಅಕ್ಕಿಯನ್ನು ಎಷ್ಟಾದರೂ ಉಣ್ಣಬಹುದೆಂದು ಭಾವಿಸಬಾರದು. ಅದೂ ಅಕ್ಕಿಯೇ, ಮಿತಿ ಅದಕ್ಕೂ ಉಂಟು.

ತಟ್ಟೆಯ ವಿಚಾರ ಪರಿಸರದ ವಿಚಾರವಾಗುವುದು ಇಲ್ಲಿಯೇ. ಊರಿನ ಅಕ್ಕಿಯನ್ನು ಕೊಳ್ಳುವವರಿಲ್ಲದಿದ್ದರೆ ಗದ್ದೆ ಹಡಿಲು ಬೀಳುತ್ತದೆ, ಇಲ್ಲವೇ ಅಡಿಕೆ, ರಬ್ಬರು ತೋಟವಾಗುತ್ತದೆ. ಮಳೆಯ ನೀರನ್ನು ತಿಂಗಳುಗಟ್ಟಲೆ ಹಿಡಿದು ಬಾವಿಗೆ ಇಳಿಸುವ ಗದ್ದೆ ಹೋದಲ್ಲಿ ಬೇಸಿಗೆಯ ನೀರೂ ಹೋಗುತ್ತದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಬೇಸಾಯಕ್ಕೆ ತರುವ ಆಂದೋಲನ ನಡೆದು, ಅಲ್ಲಿ ಬೆಳೆದ ಕಜೆ ಅಕ್ಕಿ ಮಾರಾಟಕ್ಕೂ ಬಂತು. ಇಂತಹ ಯತ್ನಗಳು ನಿಲ್ಲುವುದು ಉಣ್ಣುವವರ ಬೆಂಬಲದಿಂದಲೇ. ಭತ್ತದ ಕೊಯ್ಲಿನ ಬಳಿಕ ಉಳಿದ ತೇವದಲ್ಲೇ ಬೆಳೆಯುವ ಉದ್ದು, ಹುರುಳಿಗಳು ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕವನ್ನೂ ನಮಗೆ ಪ್ರೋಟೀನನ್ನೂ ಕೊಡುತ್ತವೆ. ಅನ್ನ ಒಂದು ಹಿಡಿ ಕಡಿಮೆಯಾಗಿ ಹುರುಳಿ ಸಾರು ಒಂದು ಸೌಟು ಹೆಚ್ಚಾದರೆ ದೇಹಕ್ಕೂ ಗದ್ದೆಗೂ ಹಿತ.

ಸೊಪ್ಪು ತರಕಾರಿಗೆ ನಾವು ಘಟ್ಟದಾಚೆಯ ಲಾರಿಯನ್ನೇ ಕಾಯಬೇಕಾಗಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮಟ್ಟು ಗುಳ್ಳ ಕಾಪು ತಾಲೂಕಿನ ಹೆಮ್ಮೆ. ಒಂದೆಲಗದ ತಂಬುಳಿ, ಬಸಳೆ, ಹರಿವೆ, ನುಗ್ಗೆಸೊಪ್ಪು, ಹಲಸಿನ ಗುಜ್ಜೆ ಇವೆಲ್ಲ ಅಂಗಳದ ಅಂಚಿನ ಸಂಪತ್ತು. ಕಾಡಿನಿಂದ ತರುವುದಕ್ಕೆ ಮಾತ್ರ ಬೇರೆಯೇ ಮಿತಿ ಬೇಕು. ಮುರಿದ ಒಂದೊಂದು ಕಣಿಲೆಯೂ ಬೆಳೆಯಬೇಕಾಗಿದ್ದ ಒಂದು ಬಿದಿರು. ಹಾಗೆಯೇ ಗುರುತು ಬಲ್ಲ ಹಿರಿಯರ ಜೊತೆಯಿಲ್ಲದೆ ಕಾಡಿನ ಸೊಪ್ಪು, ತೊಗಟೆಗಳನ್ನು ತಂದು ಸೇವಿಸುವುದು ಅಪಾಯಕಾರಿ.

ಮೀನು ಉಣ್ಣುವವರಿಗೆ ಬೂತಾಯಿ, ಬಂಗುಡೆಗಳಂತಹ ಸಣ್ಣ ಮೀನುಗಳಲ್ಲೇ ಹೃದಯಕ್ಕೆ ಒಳ್ಳೆಯ ಕೊಬ್ಬು ಧಾರಾಳವಾಗಿದೆ. ಹುರಿದದ್ದಕ್ಕಿಂತ ಪುಳಿಮುಂಚಿ ಲೇಸು. ಕರಿಯುವ ಎಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಅದರ ಬಹುಪಾಲು ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ; ಅಲ್ಲಿ ಆ ತೋಟಗಳಿಗಾಗಿ ಮಳೆಕಾಡು ಅಳಿದಿದೆ. ಸಹ್ಯಾದ್ರಿಯ ಕಾಡಿಗಾಗಿ ದನಿ ಎತ್ತುವ ನಾವು ಸಂಜೆಯ ಬಾಣಲೆಯಲ್ಲಿ ಮತ್ತೊಂದು ಕಾಡಿನ ನಾಶಕ್ಕೆ ಪಾಲುದಾರರಾಗುತ್ತಿದ್ದೇವೆ.

ಮಣಿಪಾಲದ ಹಾಸ್ಟೆಲುಗಳಲ್ಲಿ, ಕಾರ್ಕಳದ ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿ ಮಿತ್ರರು ಒಂದು ಲೆಕ್ಕವನ್ನು ನೆನಪಿಡಬೇಕು. 300 ಮಿಲಿಲೀಟರ್ ಕೋಲಾ ಪಾನೀಯದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ಇಡೀ ದಿನಕ್ಕೆ 25 ಗ್ರಾಂ ಮೀರದಿರುವುದು ಲೇಸು. ಉಪ್ಪಿನ ಮಿತಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂ. ಪೊಟ್ಟಣದ ಕುರುಕಲಿಗಷ್ಟೇ ಅಲ್ಲ, ನಮ್ಮ ಉಪ್ಪಡ್ ಪಚ್ಚಿಲ್, ಹಪ್ಪಳ, ಒಣಮೀನುಗಳಿಗೂ ಈ ಮಾತು ಅನ್ವಯಿಸುತ್ತದೆ. ಪೊಟ್ಟಣದ ಬೆನ್ನಿನ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥ ಮೊದಲು ಬರಬೇಕೆಂಬುದು ನಿಯಮ. ಅದನ್ನೊಮ್ಮೆ ಓದಿದರೆ ಸಾಕು. ಮಜ್ಜಿಗೆ, ಬೊಂಡ, ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ ಪಾನಕಗಳ ಬೆಲೆ ತಿಳಿಯುತ್ತದೆ.

ಮಿತಿಯ ಪಾಠವನ್ನು ಎಲ್ಲರಿಗೂ ಒಂದೇ ಸಮನಾಗಿ ಹೇಳುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅವರಿಗೆ ಕಡಿಮೆ ತಿನ್ನಿರೆಂದು ಬೋಧಿಸುವುದು ಕ್ರೌರ್ಯ; ಅವರ ಬಟ್ಟಲಿಗೆ ಕಾಳು, ಸೊಪ್ಪು, ಮೊಟ್ಟೆ, ಮೀನು ಹೆಚ್ಚು ಬೀಳಬೇಕು. ಪಡಿತರದಲ್ಲಿ ಸ್ಥಳೀಯ ಕುಚ್ಚಲಕ್ಕಿ ಕೊಡಬೇಕೆಂಬ ಕರಾವಳಿಯ ಬಹುಕಾಲದ ಬೇಡಿಕೆಯನ್ನು ಇದೇ ದೃಷ್ಟಿಯಿಂದ ನೋಡಬೇಕು. ಒಳ್ಳೆಯ ಊಟ ಉಳ್ಳವರ ಆಯ್ಕೆ ಮಾತ್ರವಾಗಿ ಉಳಿಯಬಾರದು.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಮನೆಯಲ್ಲಿ ಮೊದಲು ಪಲ್ಯ, ಸಾರು ಬಡಿಸಿ, ಆಮೇಲೆ ಅನ್ನ ಬಡಿಸುವ ರೂಢಿ ಬರಲಿ. ತಿಂಗಳ ಅಕ್ಕಿಯಲ್ಲಿ ಸ್ವಲ್ಪವನ್ನಾದರೂ ಊರಿನ ಬೆಳೆಗಾರರಿಂದಲೇ ಕೊಳ್ಳೋಣ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂಬ 2020ರ ನಿಯಮ ನಮ್ಮ ಊರಿನಲ್ಲಿ ಪಾಲನೆಯಾಗುತ್ತಿದೆಯೇ ಎಂದು ಪೋಷಕರು, ಶಿಕ್ಷಕರು ವಿಚಾರಿಸಲಿ. ಮುಂದಿನ ಆಟಿಡೊಂಜಿ ದಿನದಲ್ಲಿ ಮೂವತ್ತು ಬಗೆಗಳ ಬದಲು ಐದೇ ಬಗೆ ಇರಲಿ. ಒಂದೊಂದರ ಗಿಡವನ್ನೂ ಮಕ್ಕಳಿಗೆ ತೋರಿಸಿ, ಅದರ ಬೀಜವನ್ನೋ ಬಳ್ಳಿಯನ್ನೋ ಅವರ ಕೈಗೆ ಕೊಟ್ಟು ಕಳುಹಿಸೋಣ.