ಅಲಮಾರಿಯ ಕೀಲಿ

"ಸೀರಿ ಕೊಟ್ರ ತಿರುಗಿ ಬರ್ತದ, ಪುಸ್ತಕ ಕೊಟ್ರ ಬರಂಗಿಲ್ಲ ಟೀಚರ್." ಸಿಂಧನೂರಿನ ನಮ್ಮ ಓಣಿಯ ಹೆಂಗಸರ ವಾದ ಇದು. ಕೇಳಿ ಕೇಳಿ ನನಗೆ ಸಾಕಾಗಿದೆ. ಮದುವೆಗೆಂದು ಒಯ್ದ ರೇಷ್ಮೆ ಸೀರೆಗೆ ಸಾರಿನ ಕಲೆ ಹತ್ತಿಸಿ ತಂದರೂ ಮರುವರ್ಷ ಮತ್ತೆ ಕೊಡುತ್ತೇವೆ. ಉಪ್ಪಿನಕಾಯಿಯ ಅಳತೆ, ಚೀಟಿಯ ಲೆಕ್ಕ, ಒಳ್ಳೆಯ ಹೆರಿಗೆ ಡಾಕ್ಟರ ಹೆಸರು, ಎಲ್ಲವನ್ನೂ ಕಟ್ಟೆಯ ಮೇಲೆ ಕುಳಿತು ಧಾರಾಳವಾಗಿ ಹಂಚುತ್ತೇವೆ. ಆದರೆ ನಮ್ಮ ನಿದ್ದೆ ಕೆಡಿಸಿದ ಕಾದಂಬರಿ ಯಾವುದು, ಬರೆದವರು ಯಾರು ಎಂದು ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಇದನ್ನು ಸಂಕೋಚ ಎನ್ನುತ್ತೀರಿ. ನಾನು ಜಿಪುಣತನ ಎನ್ನುತ್ತೇನೆ. ಆರೋಪಿಗಳ ಸಾಲಿನಲ್ಲಿ ಮೊದಲು ನಾನೇ ನಿಲ್ಲುತ್ತೇನೆ.

ನನ್ನ ತವರು ಲಿಂಗಸುಗೂರು, ನೌಕರಿ ಮಸ್ಕಿಯಲ್ಲಿ, ಮನೆ ಸಿಂಧನೂರಿನಲ್ಲಿ. ಮೂರೂ ಒಂದೇ ರಸ್ತೆಯ ಮೇಲಿವೆ. ನನ್ನ ಓದೆಲ್ಲ ನಡೆದದ್ದು ಬಸ್ಸಿನಲ್ಲಿಯೇ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಚೀಲದಲ್ಲಿದ್ದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ನೋಡಿ, "ಟೀಚರ್, ಎರಡು ದಿನ ಕೊಡ್ರೀ, ಓದಿ ಕೊಡ್ತೀನಿ" ಎಂದಳು. ಅದು ನಮ್ಮಣ್ಣ ಉಡುಗೊರೆಯಾಗಿ ಕೊಟ್ಟ ಪ್ರತಿ. ಹೊಲಸಾದೀತೆಂಬ ಹೆದರಿಕೆಯಿಂದ "ಪರೀಕ್ಷೆ ಮುಗೀಲಿ" ಎಂದೆ. ಶಾಲೆಯ ಅಲಮಾರಿಯಲ್ಲಿಯೂ ಪುಸ್ತಕಗಳಿದ್ದವು. ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯದಲ್ಲಿ ಅದರ ಕೀಲಿ ಮೇಜಿನ ಖಾನೆಯಲ್ಲಿ ಮಲಗಿತ್ತು. ಪರೀಕ್ಷೆ ಮುಗಿಯಿತು. ಬೇಸಿಗೆ ರಜೆ ಕಳೆದು ನಾನು ಬರುವಷ್ಟರಲ್ಲಿ ಹುಡುಗಿ ಗಂಡನ ಮನೆಯಲ್ಲಿದ್ದಳು. ಅವಳಿಗೆ 18 ತುಂಬಿಲ್ಲವೆಂಬುದು ಶಾಲೆಯ ದಾಖಲಾತಿ ಪುಸ್ತಕದಲ್ಲಿಯೇ ಇತ್ತು.

‘ಫಣಿಯಮ್ಮ’ ಬಾಲ್ಯದಲ್ಲಿಯೇ ಮದುವೆಯಾಗಿ, ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣಿನ ಬಾಳಿನ ಕಥೆ. ಓದಿದ್ದರೆ ಆ ಮದುವೆ ನಿಲ್ಲುತ್ತಿತ್ತು ಎನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ಅವಳು ನನ್ನಲ್ಲಿ ಕೇಳಿದ್ದು ಒಂದೇ ವಸ್ತು. ಅದು ನನ್ನ ಕೈಯಲ್ಲಿತ್ತು. ನಾನು ಕೊಡಲಿಲ್ಲ. ಆ ಪ್ರತಿ ಬಹಳ ವರ್ಷ ಹೊಸದರಂತೆಯೇ ಇತ್ತು. ಅದರ ಹೊಳಪು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಕೆಲವರು ಪುಸ್ತಕದ ಹೆಸರು ಹೇಳದಿರುವುದಕ್ಕೆ ಬೇರೆ ಕಾರಣವಿದೆ. ತ್ರಿವೇಣಿ, ಸಾಯಿಸುತೆ ಎಂದರೆ ಕಲಿತವರು ನಕ್ಕಾರು ಎಂಬ ಅಂಜಿಕೆ. "ಅಡುಗೆಮನೆ ಸಾಹಿತ್ಯ" ಎಂದು ಮೂಗು ಮುರಿಯುವ ಗಂಡಸರನ್ನು ಉಪನ್ಯಾಸಕರ ಕೊಠಡಿಗಳಲ್ಲಿ ನಾನೂ ಕಂಡಿದ್ದೇನೆ. ಅವರಿಗೆ ಒಂದು ಪ್ರಶ್ನೆ. ಮನೆಯ ಹೆಣ್ಣಿಗೆ ಮನಸ್ಸಿನ ಕಾಯಿಲೆ ಬಂದರೆ ಕೋಣೆಯಲ್ಲಿ ಮುಚ್ಚಿಡುತ್ತಿದ್ದ ಕಾಲದಲ್ಲಿ ‘ಶರಪಂಜರ’ ಬರೆದವರು ಯಾರು? 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿ. ಬಸಿರು ಬಾಣಂತನದ ವಿಷಯಗಳನ್ನು ಸರಳ ಕನ್ನಡದಲ್ಲಿ ‘ತಾಯಿ-ಮಗು’ ಎಂದು ಬರೆದು ನಮ್ಮ ಕೈಗಿಟ್ಟವರು ಯಾರು? ಡಾಕ್ಟರಾಗಿದ್ದ ಅನುಪಮಾ ನಿರಂಜನ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದ್ದು ಯಾರನ್ನು ಮೆಚ್ಚಿಸಲು? 1917ರಲ್ಲಿ ಹುಟ್ಟಿದ ಇಂದಿರಾ ಅವರ ‘ತುಂಗಭದ್ರಾ’ ಬಂದದ್ದು 1963ರಲ್ಲಿ. "ನಲವತ್ತು ದಾಟಿತು, ಇನ್ನೇನು ಓದೋದು" ಎನ್ನುವ ಗೆಳತಿಯರು ಈ ಎರಡು ಇಸವಿಗಳನ್ನು ಕಳೆದು ನೋಡಲಿ. ಅಡುಗೆಮನೆಯಲ್ಲಿ ಇಷ್ಟೆಲ್ಲ ಬೇಯುವುದಾದರೆ ಆ ಅಡುಗೆಮನೆಗೆ ನನ್ನ ನಮಸ್ಕಾರ.

ಇನ್ನು ನಮ್ಮ ಭಾಗದವರ ವಿಷಯ. ಕಲಬುರಗಿಯ ಗೀತಾ ನಾಗಭೂಷಣ ಮಿಲ್ ಕಾರ್ಮಿಕನ ಮಗಳು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. ನಮ್ಮ ಹೊಲಮನೆಯ ಮಾತನ್ನೇ ಪುಸ್ತಕದಲ್ಲಿ ಇಟ್ಟವರು. ಅವರ ಒಂದು ಪುಸ್ತಕದ ಹೆಸರು ಹೇಳಿ ಎಂದು ನಮ್ಮ ಮಹಿಳಾ ಮಂಡಳದಲ್ಲಿ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಧಾರಾವಾಹಿಯ ಸೊಸೆಯ ಹೆಸರು ಕೇಳಿದ್ದರೆ ಹತ್ತು ಕೈ ಏಳುತ್ತಿದ್ದವು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರ ಮೊಬೈಲಿನಲ್ಲೂ ಅಭಿನಂದನೆಯೇ ಅಭಿನಂದನೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಕಥೆಗಳು ದಶಕಗಳಿಂದ ಕನ್ನಡದಲ್ಲಿಯೇ ಇದ್ದವು. ನಮ್ಮ ಮನೆಯ ಹೆಣ್ಣುಮಗಳ ಯೋಗ್ಯತೆಯನ್ನು ಲಂಡನ್ನಿನವರು ಹೇಳಿದ ಮೇಲೆ ತಿಳಿಯಬೇಕೇ? ಓದಿದ ಒಬ್ಬಳು ಮುಂಚೆಯೇ ಪಕ್ಕದ ಮನೆಯವಳಿಗೆ ಹೇಳಿದ್ದರೆ ಸಾಕಿತ್ತು.

ಮಸ್ಕಿಯವರಿಗಂತೂ ಹೆಸರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ನಮ್ಮೂರ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ಮಸ್ಕಿಯ ಕಲ್ಲು ಹೆಸರು ಹೇಳಿತು, ಅವನು ಯಾರೆಂಬ ಅನುಮಾನ ಹರಿಯಿತು. ಇನ್ನೊಂದು ಮಾತು. ಈ ಸಂಗತಿಯನ್ನು ಕಿರಿಯರಿಗೂ ಹಿರಿಯರಿಗೂ ಹೇಳಬೇಕು ಎಂಬ ಅರ್ಥ ಆ ಶಾಸನದಲ್ಲಿಯೇ ಇದೆ. ಚಕ್ರವರ್ತಿ ತನ್ನ ಮಾತನ್ನು ಅಲಮಾರಿಯಲ್ಲಿಟ್ಟು ಕೀಲಿ ಹಾಕಲಿಲ್ಲ, ದಾರಿಹೋಕರ ಬಂಡೆಯ ಮೇಲೆ ಬರೆಸಿದ. ನಾವು "ಯಾವುದೋ ಕಾದಂಬರಿ, ಯಾರೋ ಬರದಾರ, ಚೆಂದ ಅದ" ಎನ್ನುತ್ತೇವೆ. ಬರೆದವಳ ಹೆಸರು ನುಂಗುವುದೂ ಒಂದು ಅನ್ಯಾಯವೇ.

"ಗ್ರಂಥಾಲಯ ಐತಲ್ಲ" ಎನ್ನುತ್ತೀರಿ. ಇದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ನಾವು ಕಟ್ಟುವ ಮನೆ ಕಂದಾಯದಲ್ಲಿ ಗ್ರಂಥಾಲಯ ಕರವೂ ಸೇರಿರುತ್ತದೆ. ಹಾಗಾದರೆ ಅಲ್ಲಿಯ ಬೆಂಚಿನ ಮೇಲೆ ಗಂಡಸರು ಪೇಪರು ಹರವಿಕೊಂಡು ಕೂತಿರುವಾಗ ನಾವು ಬಾಗಿಲಲ್ಲಿಯೇ ಸೆರಗು ಹೊದ್ದು ತಿರುಗುವುದೇಕೆ? ಒಬ್ಬಳೇ ಹೋಗಲು ಮುಜುಗರವಾದರೆ ಇಬ್ಬರು ಹೋಗಿ. ಶನಿವಾರದ ಸಂತೆಗೆ ಗುಂಪು ಕಟ್ಟಿಕೊಂಡು ಹೋಗುವವರಿಗೆ ಇದೇನು ಕಷ್ಟ?

ನನ್ನ ಬೇಡಿಕೆ ದೊಡ್ಡದಲ್ಲ. ಅರಿಷಿಣ ಕುಂಕುಮಕ್ಕೆ ಕರೆದಾಗ, ಬೀಗರ ಮನೆಯಲ್ಲಿ ಊಟವಾದ ಮೇಲೆ, ಬಸ್ಸಿನಲ್ಲಿ ಸೀಟು ಸಿಕ್ಕಾಗ, ಒಂದು ಪುಸ್ತಕದ ಹೆಸರು ಹೇಳಿ. ಬರೆದವರ ಹೆಸರನ್ನೂ ಹೇಳಿ. ಯಾಕೆ ಹಿಡಿಸಿತು ಎಂದು ಒಂದೇ ಮಾತು ಹೇಳಿ. ಪ್ರತಿ ಇದ್ದರೆ ಕೊಟ್ಟು, ನೋಟುಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಮುಖ್ಯವಾಗಿ, ಕೇಳಿದ ಹುಡುಗಿಗೆ "ಪರೀಕ್ಷೆ ಮುಗೀಲಿ" ಎನ್ನಬೇಡಿ.

ನನ್ನ ‘ಫಣಿಯಮ್ಮ’ ಎರಡು ವರ್ಷದ ಹಿಂದೆ ಮಸ್ಕಿಯಿಂದ ಹೋಯಿತು. ಒಯ್ದವಳು ತನ್ನ ಅಕ್ಕನಿಗೆ ಕೊಟ್ಟಳಂತೆ, ಅಕ್ಕ ನೆಗೆಣ್ಣಿಗೆ ಕೊಟ್ಟಳಂತೆ. ತಿರುಗಿ ಬಂದಿಲ್ಲ. ನಮ್ಮ ಓಣಿಯವರ ಮಾತು ನಿಜವೇ ಆಯಿತು. ನಾನು ಇನ್ನೊಂದು ಪ್ರತಿ ಕೊಂಡಿದ್ದೇನೆ. ಬೇಕಾದವರು ಬಂದು ಒಯ್ಯಿರಿ.