ರದ್ದಿ ಕೊಳ್ಳುವ ದೇಶ, ಕಾಗದ ಮಾರುವ ದೇಶ

ಸಾಂಖಳಿ: ಚೋರ್ಲಾ ಘಾಟ್ ಹತ್ತಿದರೆ ಬೆಳಗಾವಿ, ಅನಮೋಡ ಘಾಟ್ ಹತ್ತಿದರೆ ದಾಂಡೇಲಿಯ ದಾರಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದದ್ದು 1955ರಲ್ಲಿ. ಮನೆ ಬಾಗಿಲಲ್ಲೇ ಕಾಗದದ ಕಾರ್ಖಾನೆ ಇದ್ದರೂ ದೇಶಕ್ಕೆ ಹಡಗುಗಟ್ಟಲೆ ಪರದೇಶದ ಕಾಗದ ಬರುತ್ತಿದೆ. 2023-24ರಲ್ಲಿ ಬಂದಿಳಿದ ಕಾಗದ ಮತ್ತು ರಟ್ಟು ಸುಮಾರು 19 ಲಕ್ಷ ಟನ್! ಹಿಂದಿನ ವರ್ಷಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು.

ಹಾಗಂತ ನಾವು ಬರೀ ಕೊಳ್ಳುವವರೇನಲ್ಲ. 2021-22ರಲ್ಲಿ ಭಾರತದ ಕಾಗದ ರಫ್ತು ಸುಮಾರು 14 ಸಾವಿರ ಕೋಟಿ ರೂಪಾಯಿ ಮುಟ್ಟಿತ್ತು. ಆದರೆ ಆ ಓಟ ಹಾಗೇ ಉಳಿಯಲಿಲ್ಲ.

ಪಕ್ಕದ ಚೀನಾ ನೋಡಿ. ಕಳೆದ ಶತಮಾನದ ಕೊನೆಯವರೆಗೆ ಅದೂ ಹೊರಗಿನಿಂದ ಕಾಗದ ತರಿಸುತ್ತಿತ್ತು. ಆಮೇಲೆ ಅಮೆರಿಕ, ಯುರೋಪಿನ ರದ್ದಿಯನ್ನು ವರ್ಷಕ್ಕೆ 3 ಕೋಟಿ ಟನ್‌ವರೆಗೂ ಕೊಂಡು, ಅದರಿಂದಲೇ ಕಾಗದ, ರಟ್ಟು ಮಾಡಿತು. 2009ರಲ್ಲಿ ಉತ್ಪಾದನೆಯಲ್ಲಿ ಅಮೆರಿಕವನ್ನೇ ಹಿಂದೆ ಹಾಕಿತು. ಕೊನೆಗೆ, ನಿಮ್ಮ ಕಸ ನಮಗೆ ಬೇಡ ಎಂದು 2021ರ ಜನವರಿಯಿಂದ ರದ್ದಿ ಆಮದನ್ನೇ ಬಂದ್ ಮಾಡಿತು. ಆ ರದ್ದಿಯಲ್ಲಿ ಒಂದಿಷ್ಟು ಈಗ ನಮ್ಮ ಬಂದರಿಗೆ ಬರುತ್ತಿದೆ. ಚೀನಾ ಕಾಗದ ಮಾರುತ್ತದೆ, ನಾವು ರದ್ದಿಯನ್ನೂ ಕಾಗದವನ್ನೂ ಕೊಳ್ಳುತ್ತೇವೆ. ಇದೆಂಥಾ ವ್ಯಾಪಾರ?

ಅಗ್ಗದ ಕಾಗದ ಬಂದರೆ ಮಕ್ಕಳ ವಹಿ ಅಗ್ಗ ಆಗುತ್ತದಲ್ಲ ಎಂದು ಕೇಳಬಹುದು. ನಿಜ, ಇವತ್ತಿಗೆ ಲಾಭವೇ. ಆದರೆ ಒಮ್ಮೆ ನಿಂತ ಮಿಲ್ ಮತ್ತೆ ಶುರುವಾಗುವುದು ಸುಲಭವಲ್ಲ. ಭದ್ರಾವತಿಯ ಎಂಪಿಎಂನಲ್ಲಿ 2015ರಲ್ಲಿ ಯಂತ್ರ ನಿಂತ ಮೇಲೆ ಅಲ್ಲಿನ ಸಂಸಾರಗಳ ಪಾಡು ಏನಾಯಿತು ಎಂಬುದನ್ನು ಕನ್ನಡಿಗರು ಕಂಡಿದ್ದಾರೆ. ಪರರ ಕಾಗದ ನಂಬಿದ ಶ್ರೀಲಂಕಾದಲ್ಲಿ 2022ರಲ್ಲಿ ಡಾಲರ್ ಇಲ್ಲದೆ ಕಾಗದ ಬರಲಿಲ್ಲ. ಶಾಲಾ ಪರೀಕ್ಷೆ ಮುಂದೂಡಿದರು, ಪತ್ರಿಕೆಗಳು ಮುದ್ರಣ ನಿಲ್ಲಿಸಿದವು.

ಆಮದು ಸುಂಕ ಏರಿಸಿದರೆ ಸಾಕೆ? ಸಾಲದು. ಆಸಿಯಾನ್ ಒಪ್ಪಂದದಂತೆ 2014ರಿಂದ ಇಂಡೋನೇಷ್ಯಾ ಮೊದಲಾದ ದೇಶಗಳ ಕಾಗದಕ್ಕೆ ಸುಂಕವೇ ಇಲ್ಲ. ಮಿಲ್ಲುಗಳೂ ತಪ್ಪಿಲ್ಲದವಲ್ಲ. ಒಂದು ಕಾಲಕ್ಕೆ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತ್ತು. ಬುಟ್ಟಿ ಹೆಣೆಯುವ ಬಡವರಿಗೆ ಆ ದರ ಇರಲಿಲ್ಲ. ಸೋವಿ ಸಿಕ್ಕ ಕಾಡು ಬರಿದಾಯಿತು. ಈಗ ಮಿಲ್ಲುಗಳು ರೈತರ ನೀಲಗಿರಿ, ಗಾಳಿ, ಸುಬಾಬುಲ್ ಮರಗಳನ್ನು ನಂಬಬೇಕಾಗಿದೆ. ಹಳಿಯಾಳ, ಖಾನಾಪುರದ ರೈತರಿಗೆ ನ್ಯಾಯದ ದರ ಖಾತ್ರಿಯಾದರೆ ಮರವೂ ಬೆಳೆದೀತು.

ಸರ್ಕಾರ 2025ರ ಸೆಪ್ಟೆಂಬರ್ 22ರಿಂದ ವಹಿಗಳ ಜಿಎಸ್‌ಟಿ ತೆಗೆದುಹಾಕಿದ್ದು ಒಳ್ಳೆಯದೇ. ಆದರೆ ಪುಸ್ತಕ ಮುದ್ರಿಸುವ ಕಾಗದಕ್ಕೆ ಶೇ. 12 ಇದ್ದದ್ದನ್ನು ಶೇ. 18 ಮಾಡಿದ್ದು ಯಾವ ನ್ಯಾಯ? ಕಡಿಮೆ ಪ್ರತಿ ಅಚ್ಚಾಗುವ ಕನ್ನಡ ಪುಸ್ತಕಕ್ಕೆ ಇದರ ಪೆಟ್ಟು ಜಾಸ್ತಿ. ಇದನ್ನು ಇಳಿಸಲೇಬೇಕು.

ನಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಹಳೇ ವಹಿ, ಪೇಪರು, ರಟ್ಟಿನ ಡಬ್ಬಿಯನ್ನು ಹಸಿ ಕಸದ ಜೊತೆ ಎಸೆದರೆ ಅದು ಮಿಲ್ಲಿಗೆ ಬಾರದು. ಒಣಗಿಸಿ, ಬೇರೆ ಕಟ್ಟಿ ಗುಜರಿಯವರ ಕೈಗೆ ಕೊಟ್ಟರೆ ಅವರ ಹೊಟ್ಟೆಯೂ ತುಂಬುತ್ತದೆ, ಅಷ್ಟು ಪರದೇಶದ ರದ್ದಿಯೂ ತಪ್ಪುತ್ತದೆ. ಸಾಂಖಳಿಯಲ್ಲಿ ಮಳೆಗಾಲಕ್ಕೆ ರದ್ದಿ ನೆನೆಯದಂತೆ ಇಡಲು ಒಂದು ಶೆಡ್ ಕಟ್ಟಿಕೊಡಲು ಪಾಲಿಕೆ ಮನಸ್ಸು ಮಾಡಲಿ.